ಸಮುದ್ರಕ್ಕೆ ಹಲಗೆ ಹೊಡೆದ ಪ್ರಸಂಗ

ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವುದಕ್ಕೆ ಸರ್ಫಿಂಗ್ ಅನ್ನುತ್ತಾರೆ. ಈ ವಿಷಯ ನಮ್ಮ ಫ್ಯಾಕ್ಟರಿಯ ನೋಟಿಸ್ ಬೋರ್ಡಿಗೆ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ಐದೇ ನಿಮಿಷಕ್ಕೆ, ಅದರಲ್ಲಿ ನನ್ನಷ್ಟು ಪರಿಣತ ಇಡೀ ರಾಮನಗರ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಅನ್ನುವುದೂ ಗೊತ್ತಾಯಿತು.

ಹಾರೋಹಳ್ಳಿಯ ಸುತ್ತ ದಿನಕ್ಕೊಂದು ಕಾಂಪೌಂಡ್ ಗೋಡೆ ಏಳುತ್ತಿದ್ದ ಕಾಲ ಅದು. ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ಡು, ಕುರಿ ಮೇಯುತ್ತಿದ್ದ ಗೋಮಾಳದಲ್ಲಿ ಗೇಟು, ಗೇಟಿಗೊಬ್ಬ ಸೆಕ್ಯೂರಿಟಿ. ನಮ್ಮದು ಕಾರಿನ ಬಾಗಿಲಿಗೆ ಬೇಕಾದ ತಗಡಿನ ಸಾಮಾನು ಒತ್ತುವ ಫ್ಯಾಕ್ಟರಿ. ನಾನು ಅಲ್ಲಿ ಒಂದು ಪ್ರೆಸ್ ಲೈನಿಗೆ ಲೀಡರ್. ಲೀಡರ್ ಅಂದರೆ ದೊಡ್ಡದೇನಲ್ಲ. ಎಂಟು ಜನರ ಜೊತೆ ನಾನೂ ಎಣ್ಣೆ ಬಳಿದುಕೊಂಡು ನಿಲ್ಲಬೇಕು. ಬೈಗುಳ ಮಾತ್ರ ಮೊದಲು ನನಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಆ ವರ್ಷ ಶಿಫ್ಟ್ ಇನ್‌ಚಾರ್ಜ್ ಜಾಗ ಖಾಲಿಯಾಯಿತು. ಇನ್‌ಚಾರ್ಜ್ ಆದವನಿಗೆ ನೀಲಿ ಅಂಗಿ ಹೋಗಿ ಬಿಳಿ ಅಂಗಿ ಬರುತ್ತದೆ. ನಿಲ್ಲುವುದು ಹೋಗಿ ಕುರ್ಚಿ ಬರುತ್ತದೆ. ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಲ್ಲದೆ ಊಟ ಬರುತ್ತದೆ. ನನಗೆ ಆ ಬಿಳಿ ಅಂಗಿ ಬೇಕಿತ್ತು. ಮುಚ್ಚುಮರೆ ಯಾಕೆ, ಕನಸಿನಲ್ಲಿ ಅದಕ್ಕೆ ಇಸ್ತ್ರಿ ಕೂಡ ಮಾಡಿಕೊಂಡಿದ್ದೆ. ನನ್ನ ಹೆಂಡತಿ ಜಯಮ್ಮ ಕನಕಪುರದ ತನ್ನ ತವರಿಗೆ ಹೋದಾಗ, ‘ನಮ್ಮೋರು ಇನ್ಮೇಲೆ ಮೆಷಿನ್ ಮುಟ್ಟಾಕಿಲ್ಲ’ ಅಂತ ಮುಂಗಡವಾಗಿ ಹೇಳಿಯೂ ಬಂದಿದ್ದಳು. ಅಲ್ಲಿಗೆ ಅದು ಕಂಪನಿಯ ವಿಷಯವಾಗಿ ಉಳಿಯಲಿಲ್ಲ, ಮನೆತನದ ಮರ್ಯಾದೆಯ ವಿಷಯವಾಯಿತು.

ಆ ಜಾಗಕ್ಕೆ ನನ್ನ ಎದುರಾಳಿ ಚನ್ನಪಟ್ಟಣದ ಶಿವಲಿಂಗ, ಪಕ್ಕದ ಲೈನಿನ ಲೀಡರ್. ಅವನ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ಕುಟುಂಬಸ್ಥರು ಓದುವಂತೆ ಬರೆಯುವುದು ಕಷ್ಟ. ಬೆಂಕಿಪೊಟ್ಟಣ ಕೊಟ್ಟರೆ ಯಾವ ಕಡೆ ಗೀರಬೇಕು ಅಂತ ಕೇಳುವ ಆಸಾಮಿ. ಹೊಸ ಮೆಷಿನ್ ಬಂದರೆ ಅದನ್ನು ಕೂರಿಸಲು ಬಂದವರ ಬೆನ್ನು ಬಿಡುತ್ತಿರಲಿಲ್ಲ; ಇದು ಯಾಕೆ, ಅದು ಯಾಕೆ, ಇದನ್ನು ಒತ್ತಿದರೆ ಏನಾಗುತ್ತದೆ, ಒತ್ತದಿದ್ದರೆ ಏನಾಗುತ್ತದೆ. ನಾನು ಹಾಗಲ್ಲ. ನಾನು ಒತ್ತಿ ನೋಡುವವನು. ಇಂಥ ಅಂಜುಬುರುಕನಿಗೆ ಬಿಳಿ ಅಂಗಿ ಕೊಡುವುದಕ್ಕಿಂತ ಅದನ್ನು ಬೆದರುಗೊಂಬೆಗೆ ತೊಡಿಸಿದರೆ ಹಕ್ಕಿಗಳಾದರೂ ಓಡುತ್ತವೆ ಅಂತ ನಾನು ಬಹಿರಂಗವಾಗಿಯೇ ಹೇಳುತ್ತಿದ್ದೆ.

ಮ್ಯಾನೇಜರ್ ಬೆಂಗಳೂರಿನವರು, ಹೊಸಬರು. ಯಾರಲ್ಲಿ ಲೀಡರ್‌ಶಿಪ್ ಇದೆ ಅನ್ನುವುದನ್ನು ಫ್ಯಾಕ್ಟರಿಯಲ್ಲಿ ನೋಡಿದರೆ ಕಾಣುವುದಿಲ್ಲವಂತೆ. ಅದಕ್ಕೆ ಎಲ್ಲರನ್ನೂ ಬಸ್ಸಿನಲ್ಲಿ ತುಂಬಿಕೊಂಡು ಮಂಗಳೂರಿನ ಕಡೆ ಒಂದು ಕಡಲತೀರಕ್ಕೆ ಹೋಗಬೇಕಂತೆ, ಅಲ್ಲಿ ಸರ್ಫಿಂಗ್ ಕಲಿಯಬೇಕಂತೆ, ಕಲಿಯುವಾಗ ಲೀಡರ್‌ಶಿಪ್ ತಾನಾಗಿ ಹೊರಗೆ ಬರುತ್ತದಂತೆ. ಅದಾದ ಮೇಲೆ ಇನ್‌ಚಾರ್ಜ್ ಯಾರು ಅಂತ ತೀರ್ಮಾನ. ತಗಡು ಒತ್ತುವವರನ್ನು ಆರಿಸಲು ಸಮುದ್ರಕ್ಕೆ ಇಳಿಸುವ ಈ ಬುದ್ಧಿ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ದೇವರೇ ಬಲ್ಲ.

ನೋಟಿಸಿನ ಜೊತೆ ಒಂದು ಫೋಟೋ ಅಂಟಿಸಿದ್ದರು. ಒಬ್ಬ ಬಿಳಿಯ, ನೀರಿನ ಮೇಲೆ ಹಲಗೆ, ಹಲಗೆಯ ಮೇಲೆ ಕಾಲು ಅಗಲಿಸಿ ನಿಂತಿದ್ದಾನೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇದನ್ನು ನಾನು ಮೀಸೆ ಬರುವುದಕ್ಕೆ ಮುಂಚೆಯೇ ಮಾಡಿದ್ದೆ!

ಗದ್ದೆ ಕಾಣದವರಿಗೆ ಸ್ವಲ್ಪ ವಿವರಿಸಬೇಕು. ನಾಟಿಗೆ ಮುಂಚೆ ಗದ್ದೆಗೆ ನೀರು ಬಿಟ್ಟು ಉತ್ತು ಕೆಸರು ಮಾಡುತ್ತಾರೆ. ಆ ಕೆಸರು ಸಮ ಆಗಬೇಕಾದರೆ ಹಲಗೆ ಹೊಡೆಯಬೇಕು. ಒಂದು ಉದ್ದನೆಯ ಹಲಗೆಯನ್ನು ಹಗ್ಗದಿಂದ ನೊಗಕ್ಕೆ ಕಟ್ಟಿ, ಅದರ ಮೇಲೆ ಮನುಷ್ಯ ಹತ್ತಿ ನಿಲ್ಲುತ್ತಾನೆ. ಕಾಲು ಅಗಲ, ಹಿಮ್ಮಡಿ ಗಟ್ಟಿ, ಮೈ ಹಿಂದಕ್ಕೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಎತ್ತಿನ ಬಾಲ. ಎತ್ತು ಎಳೆಯುತ್ತದೆ, ಹಲಗೆ ಜಾರುತ್ತದೆ, ಕೆಸರುನೀರು ಎರಡು ಕಡೆ ಹಾರುತ್ತದೆ. ಫೋಟೋದಲ್ಲಿದ್ದ ಬಿಳಿಯನಿಗೆ ಎತ್ತು ಒಂದಿರಲಿಲ್ಲ, ಅಷ್ಟೇ.

ಕ್ಯಾಂಟೀನಿನಲ್ಲಿ ಅನ್ನಸಾರಿನ ಮುಂದೆ ಕೂತು ಈ ಸತ್ಯವನ್ನು ಬಿಡುಗಡೆ ಮಾಡಿದೆ. ನನ್ನ ಲೈನಿನವರಿಗೆ ಅದು ತುಂಬಾ ಹಿಡಿಸಿತು. ಶಿವಲಿಂಗ ಮಾತ್ರ ಸೊಪ್ಪನ್ನು ಪಕ್ಕಕ್ಕೆ ಸರಿಸುತ್ತಾ ಮೆಲ್ಲಗೆ ಹೇಳಿದ, “ಪುಟ್ಸಾಮಣ್ಣ, ಅಲ್ಲಿ ಹೇಳ್ಕೊಡೋರು ಇರ್ತಾರಲ್ಲ, ಅವ್ರು ಹೇಳ್ದಂಗೆ ಮಾಡುಮ.” ನಾನು ಅವನನ್ನು ಮರುಕದಿಂದ ನೋಡಿದೆ. ಆ ಹೊತ್ತಿಗೆ ಹಿಂದೆ ನಿಂತಿದ್ದ ಮ್ಯಾನೇಜರ್ ನನ್ನ ಮಾತು ಕೇಳಿಸಿಕೊಂಡು ಕುಣಿದಾಡಿಬಿಟ್ಟರು. ನಮ್ಮ ಮಣ್ಣಿನ ವಿದ್ಯೆ, ನಮ್ಮ ರೈತನ ಜಾಣತನ ಅಂತ ಏನೇನೋ ಹೊಗಳಿದರು. ಆ ದಿನ ಬಿಳಿ ಅಂಗಿಯ ತೋಳಿನಲ್ಲಿ ನನ್ನ ಒಂದು ಕೈ ಆಗಲೇ ತೂರಿತ್ತು.

ಆದರೂ ಅಭ್ಯಾಸ ತಪ್ಪಿ ಬಹಳ ವರ್ಷವಾಗಿತ್ತು. ನಾವು ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಬಾಡಿಗೆಗಿದ್ದೆವು. ಅಲ್ಲಿ ವಾಸನೆ ಬಿಟ್ಟರೆ ಬೇಸಾಯದ ಕುರುಹು ಬೇರೇನೂ ಇರಲಿಲ್ಲ. ಹಾಗಾಗಿ ಒಂದು ಭಾನುವಾರ ಜಯಮ್ಮನನ್ನು ಕರೆದುಕೊಂಡು ತಿಪ್ಪಸಂದ್ರದ ಹತ್ತಿರವಿದ್ದ ನನ್ನ ಸೋದರಮಾವ ಕೆಂಪಯ್ಯನ ಊರಿಗೆ ಹೋದೆ. ಕೆರೆ ಕೆಳಗೆ ಅವನಿಗೆ ಗದ್ದೆಯಿತ್ತು, ನಾಟಿ ಹತ್ತಿರವಾಗಿತ್ತು. ವಿಷಯ ಕೇಳಿದ ಮಾವನ ಮುಖ ಅರಳಿತು. ವಿದ್ಯೆ ಅಂದರೆ ಅವನಿಗೆ ಇಷ್ಟೊಂದು ಗೌರವವಿದೆ ಅಂತ ನನಗೆ ಅವತ್ತೇ ತಿಳಿದದ್ದು. ತಾನೇ ಎತ್ತು ಹೂಡಿ, ಹಲಗೆ ಕಟ್ಟಿ, ಹಗ್ಗ ನನ್ನ ಕೈಗೆ ಕೊಟ್ಟು, ಬದುವಿನ ಮೇಲೆ ಕೂತು ಬೀಡಿ ಹಚ್ಚಿದ.

ಮೊದಲ ಸುತ್ತಿಗೆ ಕಾಲು ನಡುಗಿತು. ಆಮೇಲೆ ಮೈಗೆ ಹಳೆಯದೆಲ್ಲ ನೆನಪಾಯಿತು. ಎತ್ತು ಓಡಿತು, ಹಲಗೆ ತೇಲಿತು, ನಾನು ನೆಟ್ಟ ಕಂಬದ ಹಾಗೆ ನಿಂತೆ. ಸಾಕು ಮಾವ ಅಂದಾಗಲೆಲ್ಲ ಮಾವ ಒಪ್ಪಲಿಲ್ಲ. “ಕಲೀಬೇಕು ಅಂದ್ಮೇಲೆ ಪೂರ್ತಿ ಕಲೀಬೇಕು ಕಣ್ಲಾ ಅಳಿಯ. ಆ ಮೂಲೆ ಒಸಿ ಏರೈತೆ, ಅಲ್ಲೂ ಎಲ್ಡು ಸುತ್ತು ಹೊಡ್ದುಬುಡು,” ಅಂದ. ಆ ಮೂಲೆ ಮುಗಿದರೆ ಈ ಮೂಲೆ. ಮೇಲಿನ ಗದ್ದೆ ಮುಗಿದರೆ ಕೆಳಗಿನ ಗದ್ದೆ. ಅಲ್ಲಿನ ಕೆಸರು ಸಮುದ್ರಕ್ಕೆ ಇನ್ನೂ ಹತ್ತಿರವಂತೆ. ಹೊತ್ತು ಇಳಿಯುವ ಹೊತ್ತಿಗೆ ಮಾವನ ಅಷ್ಟೂ ಗದ್ದೆ ಕನ್ನಡಿಯಾಗಿತ್ತು, ನನ್ನ ಸೊಂಟ ಹೊರಟುಹೋಗಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಜಯಮ್ಮ ಕಿಟಕಿ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದಳು. ಏನು ಅಂತ ಕೇಳಿದೆ. “ನಿಮ್ಮಾವ ಪುಕ್ಸಟ್ಟೆ ಗದ್ದೆ ಮಾಡಿಸ್ಕಂಡವ್ರೆ, ಅಷ್ಟೂ ತಿಳೀಲಿಲ್ವಾ?” ಅಂದಳು. ಹೆಂಗಸರಿಗೆ ದೊಡ್ಡ ಉದ್ದೇಶಗಳು ಅರ್ಥವಾಗುವುದಿಲ್ಲ ಅಂತ ನಾನು ಸುಮ್ಮನಿದ್ದೆ. ಅವಳು ಸುಮ್ಮನಿರಲಿಲ್ಲ. “ಅಲ್ಲಾ, ಗದ್ದೇಲಿ ಎತ್ತು ಎಳೀತವೆ. ಸಮುದ್ರದಲ್ಲಿ ಯಾರು ಎಳೀತಾರೆ?”

“ಅಲೆ,” ಅಂದೆ.

“ಎತ್ತು ಮುಂದಿದ್ದು ಎಳೀತದೆ. ಅಲೆ ಹಿಂದಿಂದ ಬತ್ತದಲ್ವಾ?”

ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಅಲ್ಲೇ ಕಣ್ಣು ತೆರೆದಿದ್ದರೆ ಈ ಬರಹ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಕಡಲತೀರ ತಲುಪಿದಾಗ ಬೆಳಗಿನ ಬಿಸಿಲು ಹದವಾಗಿತ್ತು. ಸಮುದ್ರವನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲರೂ ಅಬ್ಬಬ್ಬಾ ಅಂದರು. ನನಗೇನೂ ಅಂಥ ವಿಶೇಷ ಕಾಣಲಿಲ್ಲ; ಬದು ಇಲ್ಲದ ಗದ್ದೆ, ಜೊತೆಗೆ ವಿಪರೀತ ಗಲಾಟೆ. ಹಾಕಿಕೊಳ್ಳಿ ಅಂತ ಮೈಗಂಟುವ ಒಂದು ಕರಿ ಉಡುಪು ಕೊಟ್ಟರು. ಅದನ್ನು ತೊಟ್ಟ ಶಿವಲಿಂಗ ಒದ್ದೆಯಾದ ಬಾವಲಿಯಂತೆ ಕಂಡ. ನಾನು ಅದನ್ನು ಮಡಿಸಿ ವಾಪಸು ಕೊಟ್ಟು, ಅಭ್ಯಾಸದ ದಿನ ತೊಟ್ಟಿದ್ದ ಪಟ್ಟಾಪಟ್ಟಿ ಚಡ್ಡಿಯಲ್ಲೇ ಕಣಕ್ಕಿಳಿದೆ. ನನ್ನನ್ನು ನೋಡಿ ನನ್ನ ಲೈನಿನವರೂ ಕರಿ ಉಡುಪು ಕಳಚಿದರು. ಮ್ಯಾನೇಜರ್ ಕೈಯಲ್ಲಿ ಹೊಸದಾಗಿ ಬಂದ ಕ್ಯಾಮೆರಾ ಇರುವ ಮೊಬೈಲ್ ಇತ್ತು. ಅವರು ಅದನ್ನು ನನ್ನ ಕಡೆ ತಿರುಗಿಸಿ ಹೆಬ್ಬೆರಳು ತೋರಿಸಿದರು.

ಕಲಿಸಲು ಬಂದವನು ಅಲ್ಲಿಯವನೇ, ಬಿಸಿಲಿಗೆ ಕಪ್ಪಾದ ಉದ್ದನೆಯ ಮನುಷ್ಯ. ಮೊದಲು ಮರಳಿನ ಮೇಲೆ ಪಾಠ. ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಬೇಕು, ಕೈಯಲ್ಲಿ ನೀರು ಬಗೆಯಬೇಕು, ಅಲೆ ಹಿಂದಿನಿಂದ ಎತ್ತಿದಾಗ ಮಾತ್ರ ಎದ್ದು, ಮಂಡಿ ಬಗ್ಗಿಸಿ, ಭಾರ ನಡುವೆ ಇಟ್ಟುಕೊಂಡು ನಿಲ್ಲಬೇಕು. ಹಲಗೆಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯನ್ನು ಕಾಲಿಗೆ ಕಟ್ಟಿಕೊಳ್ಳಬೇಕು. ಶಿವಲಿಂಗ ಎಂದಿನಂತೆ ಶುರು ಮಾಡಿದ. ಯಾವ ಕಾಲು, ಎಷ್ಟು ಬಿಗಿ, ಬಿದ್ದರೆ ಯಾವ ಮಗ್ಗುಲಿಗೆ, ತಲೆ ಹೇಗೆ ಮುಚ್ಚಿಕೊಳ್ಳುವುದು. ನಾನು ನನ್ನವರ ಕಡೆ ನೋಡಿ ಕಣ್ಣು ಹೊಡೆದೆ. ಹೊಟ್ಟೆ ಅಡಿಯಾಗಿ ಮಲಗುವುದು ಹೊಟ್ಟೆನೋವಿನವರು. ಕಾಲಿಗೆ ಹಗ್ಗ ಕಟ್ಟುವುದು ಒದೆಯುವ ಹಸುವಿಗೆ. ಗಂಡಸು ಹಗ್ಗವನ್ನು ಕೈಯಲ್ಲಿ ಹಿಡಿಯುತ್ತಾನೆ!

ಹಗ್ಗ ನನ್ನ ಮುಷ್ಟಿಯಲ್ಲಿದ್ದದ್ದನ್ನು ಕಲಿಸುವವನು ನೋಡಿದ. “ಕೈಯಲ್ಲಿ ಅಲ್ಲ ಮಾರಾಯ್ರೆ, ಕಾಲಿಗೆ. ನೀವು ಬಿದ್ರೆ ಬೋರ್ಡು ಬೇರೆಯವ್ರ ಮೇಲೆ ಹೋಗ್ಬಾರ್ದು ಅಂತ ಅದು,” ಅಂದ. ನಾನು ಬಹಳ ಸಮಾಧಾನದಿಂದ, ಬಿದ್ದರೆ ತಾನೇ ಅಂದೆ. ಅವನು ಮತ್ತೊಂದು ಸಲ ಹೇಳಿದ. ಅಷ್ಟರಲ್ಲಿ ಶಿವಲಿಂಗ ಇನ್ನೇನೋ ಸಂದೇಹ ಕೇಳಿ ಅವನನ್ನು ಆ ಕಡೆ ಕರೆದುಕೊಂಡು ಹೋದ. ಆ ಅಂಜುಬುರುಕನಿಂದ ನನಗಾದ ಉಪಕಾರ ಅಂದರೆ ಇದೊಂದೇ ಅಂತ ಆಗ ಅಂದುಕೊಂಡೆ.

ನನ್ನ ಲೈನಿನ ಎಂಟೂ ಜನರನ್ನು ತುಸು ದೂರ ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿದೆ. ಮರಳಿನ ಮೇಲೆ ನನ್ನದೇ ಪಾಠ ನಡೆಯಿತು. ಕಾಲು ಅಗಲ. ಹಿಮ್ಮಡಿ ಗಟ್ಟಿ. ಮೈ ಹಿಂದಕ್ಕೆ. ಹಗ್ಗ ಎರಡೂ ಕೈಯಲ್ಲಿ, ಎಳೆದು ಹಿಡಿಯಬೇಕು, ಸಡಿಲ ಬಿಟ್ಟರೆ ಮಾತು ಕೇಳುವುದಿಲ್ಲ. ಎಂಟು ಜನವೂ ಹಾಗೆಯೇ ನಿಂತರು. ಅವರಲ್ಲಿ ಮರಿಗೌಡ ಅನ್ನುವವನು ತುಂಬಾ ಭಕ್ತಿಯಿಂದ, ಬಾಲ ಎಲ್ಲಿ ಹಿಡಿಯೋದಣ್ಣ ಅಂತ ಕೇಳಿದ. ಇಲ್ಲಿ ಬಾಲದ ಅಗತ್ಯವಿಲ್ಲ ಅಂತ ನಾನು ಅಧಿಕಾರವಾಣಿಯಲ್ಲಿ ಅಪ್ಪಣೆ ಕೊಟ್ಟೆ. ದೂರದಿಂದ ಇದನ್ನು ನೋಡಿದ ಮ್ಯಾನೇಜರ್‌ಗೆ ಲೀಡರ್‌ಶಿಪ್ ಹೊರಗೆ ಬರುತ್ತಿರುವುದು ಸ್ಪಷ್ಟವಾಗಿ ಕಂಡಿರಬೇಕು. ಮೊಬೈಲ್ ಎತ್ತಿಕೊಂಡು ನೀರಿನ ಅಂಚಿಗೇ ಬಂದು ನಿಂತರು.

ನೀರಿಗಿಳಿದೆವು. ತೊಡೆಮಟ್ಟದ ನೀರು, ಹೆದರುವಂಥದ್ದೇನಲ್ಲ. ದಡದ ಕಡೆ ಮುಖ ಮಾಡಿ ಹಲಗೆಗಳನ್ನು ಸಾಲಾಗಿ ಹಿಡಿದುಕೊಂಡೆವು. ಎಲ್ಲರಿಗಿಂತ ಮುಂದೆ ನಾನು. ಹಿಂದೆ ಒಂದು ಅಲೆ ಎದ್ದದ್ದು ಸದ್ದಿನಿಂದಲೇ ತಿಳಿಯಿತು. ‘ಹತ್ಕಳ್ರೋ’ ಅಂತ ಕೂಗಿ ಹಲಗೆಯ ಹಿಂತುದಿಯ ಮೇಲೆ ಹಾರಿ ನಿಂತೆ. ನಿಂತೆ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಆದರೆ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹಗ್ಗ ಎಳೆದು ಹಿಡಿದೆ. ಹಿಮ್ಮಡಿ ಒತ್ತಿದೆ. ಮೈ ಹಿಂದಕ್ಕೆ ಬಿಟ್ಟೆ. ಬಾಯಿಂದ ತಾನಾಗಿ ‘ಹೊಯ್ ಹೊಯ್ ಬಸವಾ’ ಅಂತ ಬಂತು.

ಬಸವ ಬಂದ. ಹಿಂದಿನಿಂದ ಬಂದ.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ, ಯಾಕೆಂದರೆ ನಾನು ತಲೆಕೆಳಗಾಗಿದ್ದೆ. ಹಲಗೆಯ ಮೂತಿ ಆಕಾಶಕ್ಕೆ ಎದ್ದಿತು. ಅಲೆ ನನ್ನ ಬೆನ್ನಿಗೆ ಗುದ್ದಿತು. ಕೈಯಲ್ಲಿದ್ದ ಹಗ್ಗ ಅಂಗೈ ಸುಟ್ಟು ಜಾರಿಹೋಯಿತು. ಮೂಗಿನಲ್ಲಿ ಉಪ್ಪು, ಕಿವಿಯಲ್ಲಿ ಉಪ್ಪು, ಹೊಟ್ಟೆ ತುಂಬ ಉಪ್ಪು. ಉಪ್ಪಿನಕಾಯಿಯ ಮಿಡಿಗೆ ಏನನ್ನಿಸುತ್ತದೆ ಅಂತ ಅವತ್ತು ತಿಳಿದುಕೊಂಡೆ. ಪಟ್ಟಾಪಟ್ಟಿ ಚಡ್ಡಿಯೊಳಗೆ ಮರಳು ಸೇರಿ ಅದು ಮಂಡಿಯವರೆಗೆ ಜೋತುಬಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಕೆಮ್ಮುತ್ತಾ, ನನ್ನವರಾದರೂ ನಿಂತಿರಬಹುದು ಅನ್ನುವ ಆಸೆಯಿಂದ ಹಿಂದೆ ತಿರುಗಿದೆ.

ಯಾರೂ ಇರಲಿಲ್ಲ. ಅಲ್ಲಲ್ಲಿ ಒಂದೊಂದು ಕಾಲು ಮಾತ್ರ ಕಂಡಿತು.

ಅವರೆಲ್ಲರೂ ನನ್ನ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಒಬ್ಬನೂ ಕಾಲಿಗೆ ಹಗ್ಗ ಕಟ್ಟಿರಲಿಲ್ಲ. ಹಾಗಾಗಿ ಸದರಿ ಹಲಗೆಗಳೆಲ್ಲ ಕಣ್ಣಿ ಕಿತ್ತ ಎತ್ತುಗಳ ಹಾಗೆ ಅಲೆಯ ಜೊತೆ ದಡಕ್ಕೆ ನುಗ್ಗಿದವು. ದಡದಲ್ಲಿ ಮ್ಯಾನೇಜರ್ ಮೊಬೈಲ್ ಎತ್ತಿ ಹಿಡಿದಿದ್ದರು. ನನ್ನ ಹಲಗೆಯೇ ಮೊದಲು ಹೋಗಿ ಅವರ ಮೊಣಕಾಲಿಗೆ ಬಡಿಯಿತು. ಇದರಲ್ಲೂ ಮುಂದಾಳು ನಾನೇ! ಅವರು ಕೂತರು, ಮೊಬೈಲ್ ನೀರಿಗೆ ಹೋಯಿತು. ಲೀಡರ್‌ಶಿಪ್ಪಿನ ಚಿತ್ರವೆಲ್ಲ ಅದರೊಳಗೇ ಉಳಿಯಿತು.

ನಗುವ ಮಾತು ಅಲ್ಲಿಗೆ ನಿಲ್ಲಬೇಕು. ಮರಿಗೌಡ ನೀರಿನಿಂದ ಎದ್ದಾಗ ಅವನ ಬಾಯಿಂದ ರಕ್ತ ಸುರಿಯುತ್ತಿತ್ತು. ಪಕ್ಕದವನ ಹಲಗೆ ಬಡಿದು ತುಟಿ ಸೀಳಿತ್ತು. ಕಲಿಸುವವನು ಓಡಿ ಬಂದು ಅವನನ್ನು ಎತ್ತಿಕೊಂಡು ಹೋದ. ಹೋಗುವಾಗ ನನ್ನನ್ನೊಮ್ಮೆ ನೋಡಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರಿಗೌಡನ ತುಟಿಗೆ ಹೊಲಿಗೆ ಬಿತ್ತು. ಆ ಊದಿದ ಬಾಯಲ್ಲೇ ಅವನು ನನ್ನನ್ನು ಕೇಳಿದ, “ಅಣ್ಣ, ನಾನು ಹಗ್ಗ ಸಡ್ಲ ಬುಟ್ಬುಟ್ನಾ?”

ಇಲ್ಲ ಕಣಪ್ಪ ಅಂದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಅತ್ತ ಶಿವಲಿಂಗ ಹೊಟ್ಟೆ ಅಡಿಯಾಗಿ ಮಲಗಿ, ಬಿದ್ದು, ಎದ್ದು, ಮತ್ತೆ ಏನೋ ಕೇಳಿ, ಮತ್ತೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಅಲೆಯ ಮೇಲೆ ನಿಂತೇಬಿಟ್ಟ. ಸೊಗಸಾಗಿ ಏನಲ್ಲ. ಬಯಲಿಗೆ ಕೂತವನ ಭಂಗಿಯಲ್ಲಿ, ಬಾಯಿ ತೆರೆದುಕೊಂಡು, ಕೈ ಎರಡು ಕಡೆ ಚಾಚಿಕೊಂಡು. ಅಷ್ಟು ಅವಲಕ್ಷಣವಾಗಿ ನಿಂತವನಿಗೆ ಜನ ಚಪ್ಪಾಳೆ ಹೊಡೆದದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮನೆಗೆ ಬಂದು, ಎಲ್ಲಾ ಚೆನ್ನಾಗಾಯಿತು ಅಂತ ಜಯಮ್ಮನಿಗೆ ವರದಿ ಒಪ್ಪಿಸಿದೆ. ಅವಳು ಬಟ್ಟೆ ಒಗೆಯಲು ಹೋದಳು. ಸ್ವಲ್ಪ ಹೊತ್ತಿಗೆ ಪಟ್ಟಾಪಟ್ಟಿ ಚಡ್ಡಿಯಿಂದ ಸುರಿದ ಮರಳನ್ನು ಮೊರದಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಇಟ್ಟಳು. ಒಂದು ಹಟ್ಟಿಯ ಹೊಸಿಲು ಕಟ್ಟುವಷ್ಟಿತ್ತು. “ನೀವು ಸಮುದ್ರದ ಮೇಲೆ ನಿಂತಿದ್ರೋ, ಸಮುದ್ರ ನಿಮ್ಮೇಲೆ ನಿಂತಿತ್ತೋ?” ಅಂದಳು. ನಾನು ಎಲ್ಲವನ್ನೂ ಹೇಳಿದೆ. ಮರಿಗೌಡನ ತುಟಿಯ ವಿಷಯಕ್ಕೆ ಬಂದಾಗ ಅವಳ ನಗು ನಿಂತಿತು. ಮರಿಗೌಡನ ಮನೆಗೆ ಹೋಗಿ ನೋಡಿಕೊಂಡು ಬನ್ನಿ ಅಂದಳು. ಹೋಗಿ ಬಂದೆ.

ವಾರ ಕಳೆದ ಮೇಲೆ ಮ್ಯಾನೇಜರ್ ನನ್ನನ್ನು ಕರೆಸಿದರು. ಮೊಣಕಾಲಿಗೆ ಇನ್ನೂ ಪಟ್ಟಿ ಇತ್ತು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತೆ. ಅವರು ಕುರ್ಚಿ ತೋರಿಸಿ ಕೂರಲು ಹೇಳಿದರು. ಕುರ್ಚಿ ಸಿಕ್ಕ ಕೂಡಲೇ ನನ್ನ ದರಿದ್ರ ಆಸೆ ಮತ್ತೆ ತಲೆ ಎತ್ತಿತು.

“ಪುಟ್ಟಸ್ವಾಮಿ, ಲೀಡರ್‌ಶಿಪ್ ನಿಮ್ಮಲ್ಲೇ ಜಾಸ್ತಿ ಇದೆ. ಶಿವಲಿಂಗ ಹೇಳಿದರೆ ಜನ ನಾಲ್ಕು ಪ್ರಶ್ನೆ ಕೇಳ್ತಾರೆ. ನೀವು ಹೇಳಿದ್ದಕ್ಕೆ ಎಂಟು ಜನ ಬಾಯಿ ಮುಚ್ಚಿಕೊಂಡು ಸಮುದ್ರಕ್ಕೆ ಇಳಿದರು,” ಅಂದರು.

ನಾನು ತಲೆ ತಗ್ಗಿಸಿ ವಿನಯದಿಂದ ನಕ್ಕೆ.

“ಅದಕ್ಕೇ ನಿಮಗೆ ಕೊಡೋಕೆ ನನಗೆ ಹೆದರಿಕೆ. ನಾನೂ ಅವತ್ತು ನಿಮ್ಮ ಮಾತಿಗೆ ಕುಣಿದೆ. ಪ್ರೆಸ್ ಮುಂದೆ ನೀವು ಗೊತ್ತಿಲ್ಲದೆ ಏನಾದರೂ ಹೇಳಿದರೆ ಅವರು ಅದನ್ನೂ ಮಾಡ್ತಾರೆ. ಅಲ್ಲಿ ತುಟಿ ಹೋಗಲ್ಲ. ಕೈ ಹೋಗುತ್ತೆ.”

ಎದ್ದು ಬಂದೆ. ಬಿಳಿ ಅಂಗಿ ಶಿವಲಿಂಗನಿಗೆ ಹೋಯಿತು. ಅದು ಅವನಿಗೆ ಎರಡು ಸೈಜು ದೊಡ್ಡದು, ಭುಜದಲ್ಲಿ ಜೋಲು. ನಾನಾಗಿದ್ದರೆ ಅಳತೆ ಸರಿಯಾಗಿರುತ್ತಿತ್ತು. ಈ ಮಾತನ್ನು ಜಯಮ್ಮನಿಗೆ ಹೇಳಿದಾಗ ಅವಳು ಮುದ್ದೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ಕಟ್ಟಿದಳು. ತವರಿಗೆ ಅವಳು ಆ ವರ್ಷ ಹೋಗಲಿಲ್ಲ.

ಅದಾದ ಮೊದಲ ಸೋಮವಾರ ಲೈನಿನಲ್ಲಿ ಒಂದು ಅಚ್ಚು ಬದಲಾಯಿಸಬೇಕಿತ್ತು. ಅದು ನಾನು ವರ್ಷಗಟ್ಟಲೆ ಮಾಡಿದ ಕೆಲಸ, ಕಣ್ಣು ಕಟ್ಟಿ ಬಿಟ್ಟರೂ ಮಾಡುತ್ತೇನೆ. ಮೊದಲು ಎಡಗಡೆಯ ಬೋಲ್ಟು ಸಡಿಲಿಸಿ ಅಂದೆ. ಸ್ಪ್ಯಾನರ್ ಹಿಡಿದಿದ್ದ ಮರಿಗೌಡ ಅಲ್ಲಾಡಲಿಲ್ಲ. ಎಂಟು ಜನವೂ ನಿಧಾನವಾಗಿ ಕತ್ತು ತಿರುಗಿಸಿ ದೂರದಲ್ಲಿ ಕುರ್ಚಿಯ ಮೇಲಿದ್ದ ಶಿವಲಿಂಗನ ಮುಖ ನೋಡಿದರು. ಅವನು ಎದ್ದು ಬಂದು, ಬಗ್ಗಿ ನೋಡಿ, ನನ್ನನ್ನೇ ಎರಡು ಪ್ರಶ್ನೆ ಕೇಳಿ, ತಲೆಯಾಡಿಸಿದ. ಆಮೇಲೆ ಎಡಗಡೆಯ ಬೋಲ್ಟು ಸಡಿಲಿಸಿದರು.

ಎಡಗಡೆಯದೇ ಸರಿ ಇತ್ತು, ದೇವರಾಣೆ!